ಕತ್ತರಿಗೆ ಸಿಕ್ಕ ಗಬ್ಬರ್

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ಡಕಾಯಿತ ಗಬ್ಬರ್ ಸಿಂಗ್ ಸಾಯುವುದಿಲ್ಲ. ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಇನ್ನೇನು ಅವನನ್ನು ಮುಗಿಸಿಯೇಬಿಡುತ್ತಾನೆ ಎನ್ನುವಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ಚಿತ್ರೀಕರಿಸಿದ್ದ ಮುಕ್ತಾಯವೇ ಬೇರೆ. ಅದರಲ್ಲಿ ಅಟ್ಟೆಗೆ ಮೊಳೆ ಬಡಿಸಿದ ಜೋಡು ತೊಟ್ಟು ಬಂದ ಠಾಕೂರ್, ತನ್ನ ತೋಳುಗಳನ್ನು ಗಬ್ಬರ್ ಕಡಿದಿದ್ದ ಕಂಬಗಳ ಬಳಿಯೇ ಅವನನ್ನು ಕೊಲ್ಲುತ್ತಾನೆ. ಆಗ ತುರ್ತುಪರಿಸ್ಥಿತಿ ಜಾರಿಯಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಹೊಸ ಮುಕ್ತಾಯವನ್ನು ಚಿತ್ರೀಕರಿಸಿ ಸೇರಿಸಬೇಕಾಯಿತು. ಆ ಮೂಲ ಮುಕ್ತಾಯದ ಪ್ರತಿಯನ್ನು ಸಂರಕ್ಷಿಸಿ, 2025ರ ಡಿಸೆಂಬರ್‌ನಲ್ಲಿ ದೇಶದ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿದರು.

ಹಾಗಾದರೆ ಗಬ್ಬರ್ ಪಾತ್ರದಲ್ಲಿ ಅಮ್ಜದ್ ಖಾನ್ ಅಭಿನಯದ ಬಗ್ಗೆ ಐವತ್ತು ವರ್ಷಗಳಿಂದ ನಾವು ಕೊಟ್ಟುಕೊಂಡು ಬಂದ ತೀರ್ಪು ಬದಲಾಗಬೇಕೇ? ಬೇಡ ಎಂಬುದು ನನ್ನ ಉತ್ತರ. ಮೂಲ ಮುಕ್ತಾಯದಲ್ಲಿ ಎತ್ತರಕ್ಕೇರುವುದು ಠಾಕೂರ್ ಪಾತ್ರದ ಸಂಜೀವ್ ಕುಮಾರ್. ಸಿನಿಮಾದುದ್ದಕ್ಕೂ ಶಾಲಿನೊಳಗೆ ಮೈಯನ್ನೂ ಮೌನದೊಳಗೆ ಮನಸ್ಸನ್ನೂ ಮುಚ್ಚಿಟ್ಟುಕೊಂಡಿದ್ದ ಠಾಕೂರ್, ಸೇಡು ತೀರಿದ ಮರುಗಳಿಗೆ ಕುಸಿದು ಅಳುತ್ತಾನೆ. ಆ ಅಳು 1975ರ ಪ್ರತಿಯಲ್ಲಿ ಇರಲಿಲ್ಲ. ಅದನ್ನು ನೋಡಿದ ಮೇಲೆ ಆ ಬಿಗಿಮುಖದ ಹಿಂದಿನ ದೃಶ್ಯಗಳಿಗೆಲ್ಲ ಬೇರೆಯೇ ತೂಕ ಬರುತ್ತದೆ. ಗಬ್ಬರ್‌ಗಾದರೋ ಅಲ್ಲಿ ಏಟು ತಿನ್ನುವುದು, ಸಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಮ್ಜದ್ ಖಾನ್ ಕಟ್ಟಿದ ಪಾತ್ರ ಅಷ್ಟರೊಳಗೇ ಪೂರ್ಣವಾಗಿದೆ.

ಗಬ್ಬರ್‌ಗೆ ನಿಜವಾಗಿ ಲಾಭ ತಂದದ್ದು ಇನ್ನೊಂದು ಕತ್ತರಿ. ಇಮಾಮ್ ಸಾಹೇಬರ ಮಗ ಅಹ್ಮದ್ ಕೆಲಸಕ್ಕೆಂದು ಊರು ಬಿಟ್ಟು ಹೊರಟವನು ಡಕಾಯಿತರ ಕೈಗೆ ಸಿಕ್ಕಿಬೀಳುತ್ತಾನೆ. ಅವನ ಕೊಲೆಯ ಕ್ರೂರ ದೃಶ್ಯ ಬಿಡುಗಡೆಯಾದ ಪ್ರತಿಯಲ್ಲಿಲ್ಲ. ಅಲ್ಲಿ ಕಾಣುವುದಿಷ್ಟು: ಮೈಚೆಲ್ಲಿ ಮಲಗಿರುವ ಗಬ್ಬರ್, ಅವನ ತೋಳಿನ ಮೇಲೆ ಹರಿಯುವ ಒಂದು ಇರುವೆ. ಅದು ಹರಿಯುವುದನ್ನು ಅವನು ಬಿಡುವಾಗಿ ನೋಡುತ್ತಾನೆ, ಆಮೇಲೆ ಹೊಸಕಿಹಾಕುತ್ತಾನೆ. ಮುಂದೆ ನಾವು ನೋಡುವುದು ಹುಡುಗನ ಹೆಣ ಹೊತ್ತು ಊರಿಗೆ ಬಂದ ಕುದುರೆಯನ್ನು. ಗಬ್ಬರ್‌ನ ಮುಖದಲ್ಲಿ ಕೋಪವಿಲ್ಲ, ಅವಸರವಿಲ್ಲ. ಒಂದು ಜೀವ ಅವನಿಗೆ ಎಷ್ಟರದ್ದು ಎಂಬುದನ್ನು ಆ ಬೆರಳುಗಳೇ ಹೇಳಿಬಿಡುತ್ತವೆ. ಚಿತ್ರಹಿಂಸೆಯನ್ನು ವಿವರವಾಗಿ ತೋರಿಸಿದ್ದರೆ ಅವನು ಹಿಂದಿ ಸಿನಿಮಾದ ನೂರು ಡಕಾಯಿತರ ಸಾಲಿನಲ್ಲಿ ನೂರಾ ಒಂದನೆಯವನಾಗುತ್ತಿದ್ದ.

ಠಾಕೂರನ ಮನೆಯವರ ಹತ್ಯೆಯಲ್ಲೂ ಇದೇ ಬಿಗಿ ಇದೆ. ಉಳಿದ ಒಬ್ಬ ಪುಟ್ಟ ಹುಡುಗನ ಎದುರು ಗಬ್ಬರ್ ಬಂದೂಕು ಹಿಡಿದು ನಿಲ್ಲುತ್ತಾನೆ. ಮಗು ಸಾಯುವುದನ್ನು ತೋರಿಸದೆ ಸಿನಿಮಾ ರೈಲಿನತ್ತ ಜಿಗಿಯುತ್ತದೆ. ರಾಮನಗರದ ಬಂಡೆಗಳ ನಡುವೆ ಅಮ್ಜದ್ ಖಾನ್ ಮಾಡಿದ ಅಭಿನಯಕ್ಕೆ ಸಂಕಲನದ ಮೇಜಿನಲ್ಲಿ ಎರಡನೆಯ ಜನ್ಮ ಸಿಕ್ಕಿತು. ಸಂಕಲನಕಾರ ಎಂ. ಎಸ್. ಶಿಂಧೆ. ‘ಶೋಲೆ’ಗೆ ಆ ವರ್ಷ ಬಂದ ಏಕೈಕ ಫಿಲ್ಮ್‌ಫೇರ್ ಪ್ರಶಸ್ತಿ ಅವರದೇ.

ಇಷ್ಟು ಹೇಳಿದ ಮಾತ್ರಕ್ಕೆ ಕತ್ತರಿಸಿದ್ದೆಲ್ಲ ಕಸವೆಂದು ನಾನು ಹೇಳುತ್ತಿಲ್ಲ. ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಸರಣಿಯ ಮೂರನೆಯ ಚಿತ್ರ 2003ರಲ್ಲಿ ಬಂದಾಗ ಸರುಮಾನ್ ಪಾತ್ರದ ಕ್ರಿಸ್ಟೋಫರ್ ಲೀ ಅದರಲ್ಲಿ ಕಾಣಲೇ ಇಲ್ಲ. ಹಿಂದಿನ ಎರಡು ಚಿತ್ರಗಳ ದೊಡ್ಡ ಖಳನಿಗೆ ಮುಕ್ತಾಯವೇ ಇಲ್ಲದಂತಾಯಿತು. ಲೀ ತಮ್ಮ ಬೇಸರವನ್ನು ಮುಚ್ಚಿಡಲಿಲ್ಲ. ಮರುವರ್ಷದ ವಿಸ್ತೃತ ಡಿವಿಡಿಯಲ್ಲಿ ಆ ದೃಶ್ಯ ಬಂತು: ಸೋತು ಗೋಪುರದ ತುದಿಯಲ್ಲಿ ನಿಂತಿದ್ದರೂ ಸರುಮಾನ್ ಬರೀ ಧ್ವನಿಯಿಂದಲೇ ಕೆಳಗಿನವರನ್ನು ಕೆಣಕುತ್ತಾನೆ, ಕಡೆಗೆ ತನ್ನ ಸೇವಕನ ಚೂರಿಗೇ ಬಲಿಯಾಗುತ್ತಾನೆ. ಅಧಿಕಾರ ಹೋದರೂ ಸೊಕ್ಕಿಳಿಯದ ಮನುಷ್ಯನನ್ನು ಲೀ ಆ ಒಂದು ದೃಶ್ಯದಲ್ಲಿ ತೋರಿಸಿದ್ದಾರೆ. ಅದನ್ನು ನೋಡದೆ ಅವರ ಸರುಮಾನ್ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

‘ಜಸ್ಟಿಸ್ ಲೀಗ್’ನ ಸ್ಟೆಪನ್‌ವುಲ್ಫ್ ಇನ್ನೂ ಸ್ಪಷ್ಟ ಉದಾಹರಣೆ. 2017ರ ಚಿತ್ರದಲ್ಲಿ ಅವನು ಲೋಕ ನಾಶಮಾಡಲು ಬಂದ ಮತ್ತೊಬ್ಬ ರಾಕ್ಷಸ, ಅಷ್ಟೇ. 2021ರಲ್ಲಿ ಬಂದ ಝ್ಯಾಕ್ ಸ್ನೈಡರ್ ಅವರ ನಾಲ್ಕು ಗಂಟೆಯ ಆವೃತ್ತಿಯಲ್ಲಿ ಅದೇ ಪಾತ್ರ ಒಡೆಯನಿಂದ ದೂರವಾದ, ಇನ್ನೂ ಐವತ್ತು ಸಾವಿರ ಲೋಕಗಳನ್ನು ಗೆದ್ದು ಸಾಲ ತೀರಿಸಬೇಕಾದ ಆಳು. ಮರಳಿ ಮನೆ ಸೇರುವ ಹಂಬಲ ಕಿಯರನ್ ಹಿಂಡ್ಸ್ ಅವರ ದನಿಯಲ್ಲಿ ಕೇಳಿಸುತ್ತದೆ. ಮೊದಲ ಪ್ರತಿಯನ್ನಷ್ಟೇ ನೋಡಿ ನಟ ಸಪ್ಪೆ ಎಂದವರು ಆ ಮಾತನ್ನು ಹಿಂತೆಗೆದುಕೊಳ್ಳಬೇಕು.

ಅಲ್ಲಿಗೆ ಲೆಕ್ಕ ಸರಳ. ಕೈಬಿಟ್ಟ ದೃಶ್ಯ ಪಾತ್ರಕ್ಕೆ ಕಾರಣವನ್ನೋ ಕೊನೆಯನ್ನೋ ಕೊಟ್ಟರೆ, ಮೊದಲು ಕಾಣದಿದ್ದ ಭಾವವೊಂದನ್ನು ತೋರಿಸಿದರೆ, ತೀರ್ಪನ್ನು ಮರುಪರಿಶೀಲಿಸಬೇಕು. ಈಗಾಗಲೇ ಕಂಡ ಕ್ರೌರ್ಯವನ್ನೇ ಇನ್ನಷ್ಟು ಉದ್ದ ಮಾಡಿದರೆ ನಟನ ಖಾತೆಗೆ ಏನೂ ಸೇರುವುದಿಲ್ಲ. ಸಂಕಲನಕಾರ ಅದನ್ನು ಕತ್ತರಿಸಿ ನಟನಿಗೆ ಉಪಕಾರವನ್ನೇ ಮಾಡಿರುತ್ತಾನೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ‘ಶೋಲೆ’ಯ ಎರಡೂ ಪ್ರತಿಗಳನ್ನು ನೋಡಿ. ಮೊದಲು 1975ರದ್ದು, ಆಮೇಲೆ ಮೂಲ ಮುಕ್ತಾಯದ್ದು. ನೋಡಿದ ಮೇಲೆ ಗಬ್ಬರ್‌ನನ್ನು ಹೊಗಳುವಾಗ ಅಮ್ಜದ್ ಖಾನ್ ಜೊತೆಗೆ ಶಿಂಧೆಯವರ ಹೆಸರನ್ನೂ ಹೇಳಿ. ಆ ಅಭಿನಯದಲ್ಲಿ ಅವರಿಬ್ಬರಿಗೂ ಪಾಲಿದೆ.