ತುದಿ ಕೂಡದ ಬೇರಿಗೆ ಮರುಚಿಕಿತ್ಸೆ

ಏಳೆಂಟು ವರ್ಷದ ಮಗು ಬಿದ್ದು ಮೇಲಿನ ಮುಂದಿನ ಹಲ್ಲಿಗೆ ಪೆಟ್ಟಾದರೆ ಮನೆಯವರ ಕಣ್ಣಿಗೆ ಬೀಳುವುದು ಮುರಿದ ಚೂರು. ಆದರೆ ದೊಡ್ಡ ನಷ್ಟ ಒಸಡಿನೊಳಗೆ ಆಗಿರುತ್ತದೆ. ಹಲ್ಲು ಹುಟ್ಟಿದ ಮೇಲೂ ಅದರ ಬೇರು ಪೂರ್ತಿ ಬೆಳೆದು ತುದಿ ಕೂಡಲು ಸುಮಾರು 3 ವರ್ಷ ಬೇಕು. ನಡುವೆ ತಿರುಳು ಸತ್ತರೆ ಬೆಳವಣಿಗೆ ಅಲ್ಲಿಗೇ ನಿಂತು, ಗೋಡೆ ತೆಳುವಾಗಿ, ತುದಿ ಬಾಯ್ತೆರೆದೇ ಉಳಿಯುತ್ತದೆ.

ಇಂಥ ಹಲ್ಲಿಗೂ ದೊಡ್ಡವರಿಗೆ ಮಾಡಿದಂತೆ ರೂಟ್ ಕೆನಾಲ್ ಮಾಡಿ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬುವುದು ತಪ್ಪು. ತುದಿಯಲ್ಲಿ ತಡೆಯೇ ಇಲ್ಲದ ಮೇಲೆ ಅದು ಯಾವುದಕ್ಕೆ ಆತು ನಿಲ್ಲಬೇಕು? ಪಕ್ಕದಲ್ಲಿ ಸಂದು ಉಳಿಯುತ್ತದೆ, ಇಲ್ಲವೇ ತುದಿ ದಾಟಿ ಹೊರಗೆ ಚಾಚುತ್ತದೆ. ಮುಂದೊಂದು ದಿನ ಒಸಡಿನಲ್ಲಿ ಕೀವಿನ ಗುಳ್ಳೆ ಏಳುತ್ತದೆ. ಆಗ ಹಳೆಯದನ್ನು ತೆಗೆದು ಮರುಚಿಕಿತ್ಸೆ ಮಾಡಬೇಕಾಗುತ್ತದೆ.

ಈ ಮರುಚಿಕಿತ್ಸೆಯ ಹೊಗಳಿಕೆಯೆಲ್ಲ ಇಂದು ತುದಿ ಮುಚ್ಚುವ ಎಂಟಿಎಗೆ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅವರ ತಂಡ 1993ರಲ್ಲಿ ಪರಿಚಯಿಸಿದ ಈ ಪುಡಿ ತೇವದಲ್ಲೇ ಗಟ್ಟಿಯಾಗುತ್ತದೆ. ತುದಿಯಲ್ಲಿ 4–5 ಮಿ.ಮೀ. ದಪ್ಪ ಇಟ್ಟರೆ ಬಾಟಲಿಯ ಬಿರಡೆಯಂತೆ ಬಾಯಿ ಕಟ್ಟುತ್ತದೆ. ಹಿಂದೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಕಾಯಬೇಕಿತ್ತು. ಆ ಔಷಧ ಬಹುಕಾಲ ಒಳಗಿದ್ದರೆ ಬೇರಿನ ಬಲ ಕುಗ್ಗುತ್ತದೆಂದು ದಂತ ಸಂಶೋಧಕ ಆಂಡ್ರಿಯಾಸನ್ ಅವರ ತಂಡ 2002ರಲ್ಲಿ ಕುರಿಯ ಹಲ್ಲುಗಳಲ್ಲಿ ತೋರಿಸಿತು. ಆ ಕಾಯುವಿಕೆ ತಪ್ಪಿದ್ದು ದೊಡ್ಡ ಉಪಕಾರವೇ ಸರಿ.

ಆದರೂ ನನ್ನ ಪ್ರಕಾರ ಗೆಲುವು ಸೋಲು ತೀರ್ಮಾನವಾಗುವುದು ಎಂಟಿಎ ಇಡುವ ಮೊದಲೇ, ಹಳೆಯದನ್ನು ತೆಗೆಯುವಾಗ. ಕ್ಸೈಲೀನ್ ಹಾಕಿ ಕರಗಿಸಿದರೆ ಗಟ್ಟಾ ಪರ್ಚಾ ಅಂಟಂಟಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ, ದ್ರವ ತುದಿಯಾಚೆಗೂ ಜಿನುಗಬಹುದು. ಬದಲಿಗೆ ಸಡಿಲವಾದ ತುಂಬುವಿಕೆಯ ಪಕ್ಕದಲ್ಲಿ ಹೆಡ್‌ಸ್ಟ್ರಾಮ್ ಫೈಲನ್ನು ಕೈಯಲ್ಲೇ ಮೆಲ್ಲಗೆ ತಿರುವಿ, ಕಚ್ಚಿಸಿ, ಎಳೆದರೆ ಎಷ್ಟೋ ಸಲ ಇಡೀ ತುಂಡೇ ಬರುತ್ತದೆ. ತೊಳೆಯುವ ಹೈಪೋಕ್ಲೋರೈಟ್ ತುದಿ ದಾಟಿದರೆ ಉರಿ, ಮುಖದ ಬಾವು. ಹಾಗಾಗಿ ದ್ರಾವಣ ತೆಳುವಾಗಿರಬೇಕು, ಸೂಜಿಯ ರಂಧ್ರ ಪಕ್ಕದಲ್ಲಿರಬೇಕು, ಒತ್ತಡ ಕೂಡದು. ತೆಳು ಗೋಡೆಯನ್ನು ಫೈಲಿನಿಂದ ಮತ್ತಷ್ಟು ಉಜ್ಜಲೂಬಾರದು. ಈ ತಾಳ್ಮೆಯ ಕೆಲಸ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲೂ ಕಾಣುವುದಿಲ್ಲ.

ಎಂಟಿಎಯ ಮಿತಿಯನ್ನೂ ಹೇಳಬೇಕು. ಹಲ್ಲು ಕಪ್ಪಿಡುವುದುಂಟು, ನಗುವಾಗ ಕಾಣುವ ಹಲ್ಲಿಗೆ ಅದೇ ಬಗೆಯ ಬಯೋಡೆಂಟಿನ್ ಮೇಲು. ಅದಕ್ಕಿಂತ ಮುಖ್ಯವಾಗಿ, ತುದಿ ಮುಚ್ಚಿದ ಮಾತ್ರಕ್ಕೆ ಬೇರು ದಪ್ಪವಾಗುವುದಿಲ್ಲ. ಇಂಥ ಹಲ್ಲು ಮುಂದೆ ಮುರಿಯುವುದು ಹೆಚ್ಚಾಗಿ ಒಸಡಿನಂಚಿನ ಕುತ್ತಿಗೆಯ ಬಳಿ. ಅಲ್ಲಿ ಒಳಗಿನಿಂದ ಕಾಂಪೊಸಿಟ್ ತುಂಬಿ ಬಲ ಕೊಡಬೇಕು. ಪೋಸ್ಟ್ (ಬೇರಿನೊಳಗೆ ನಿಲ್ಲಿಸುವ ಕಡ್ಡಿ) ಕೂರಿಸಲೆಂದು ಉಳಿದ ಗೋಡೆಯನ್ನು ಮತ್ತೆ ಕೊರೆಯುವ ವೈದ್ಯರು ತಾವು ಉಳಿಸಿದ ಹಲ್ಲನ್ನು ತಾವೇ ಕಳೆಯುತ್ತಿದ್ದಾರೆ.