‘ಹಂಜಮಾನ’ ಶಬ್ದ ವಿಚಾರ

ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ದಾಖಲೆಗಳಲ್ಲಿ ಒಂದೇ ಶಬ್ದವು ಕಾಣಿಸಿಕೊಂಡಾಗ ವಿದ್ವಾಂಸರಿಗೆ ಉತ್ಸಾಹವುಂಟಾಗುವುದು ಸಹಜ. ಚೆದರಿಹೋದ ಮಣಿಗಳಿಗೆ ದಾರವು ದೊರೆತಂತೆ ಅವರಿಗೆ ತೋರುತ್ತದೆ. ಆದರೆ ದಾರವು ದೊರೆತ ಮಾತ್ರದಿಂದ ಆ ಮಣಿಗಳೆಲ್ಲವೂ ಒಂದೇ ಹಾರದವೆಂದು ಸಿದ್ಧವಾಗುವುದಿಲ್ಲ. ಈ ವಿವೇಕವು ಚರಿತ್ರೆಯ ವಿಮರ್ಶೆಯಲ್ಲಿ ಎಷ್ಟು ಆವಶ್ಯಕವೆಂಬುದನ್ನು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಶಬ್ದವನ್ನು ಹಿಡಿದು ವಿಚಾರಿಸುವುದು ಈ ಲೇಖನದ ಉದ್ದೇಶವಾಗಿದೆ. ಆ ಶಬ್ದವೇ ‘ಹಂಜಮಾನ’.

ಬಾರಕೂರು ಆಳುಪರ ರಾಜಧಾನಿಯಾಗಿದ್ದಿತೆಂಬುದೂ, ವಿಜಯನಗರದ ಅರಸರ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಒಂದು ಆಡಳಿತ ವಿಭಾಗಕ್ಕೆ ತಲೆಯೂರಾಗಿದ್ದಿತೆಂಬುದೂ, ಬಸರೂರು ಸಮುದ್ರ ವ್ಯಾಪಾರದಿಂದ ಹೆಸರಾದ ಪಟ್ಟಣವಾಗಿದ್ದಿತೆಂಬುದೂ ವಾಚಕರಿಗೆ ವಿದಿತವೇ ಇದೆ. ಈ ಊರುಗಳ ವ್ಯವಹಾರವನ್ನು ಅರಸನೊಬ್ಬನೇ ನಡೆಸುತ್ತಿದ್ದನೆಂದು ತಿಳಿಯತಕ್ಕದ್ದಲ್ಲ. ಬಸರೂರಿನ ಶಾಸನಗಳು ಪಡುಕೇರಿಯ ಹಲರನ್ನೂ ಮೂಡುಕೇರಿಯ ಹಲರನ್ನೂ ಹೆಸರಿಸುತ್ತವೆ. ಸೆಟ್ಟಿಕಾರರೆಂಬ ವರ್ತಕರು ಕಾಣುತ್ತಾರೆ. ನಮ್ಮ ಕರಾವಳಿಯ ಆ ಕಾಲದ ಶಾಸನಗಳಲ್ಲಿ ಇವರ ಜೊತೆಗೇ ‘ನಖರ’, ‘ಹಂಜಮಾನ’ ಎಂಬ ಎರಡು ಸಂಘಗಳ ಹೆಸರುಗಳೂ ಬರುತ್ತವೆ. ಹಲರು, ಸೆಟ್ಟಿಕಾರರು ಎಂಬವು ಓದಿದೊಡನೆ ಅರ್ಥವಾಗುವ ಮಾತುಗಳು. ಉಳಿದ ಎರಡು ಹಾಗಲ್ಲ.

‘ನಖರ’ವನ್ನೇ ಮೊದಲು ನೋಡೋಣ. ಅಮರಕೋಶವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಶಬ್ದವು ಕಂಡರೆ ಉಗುರೆಂಬ ಅರ್ಥವೇ ಹೊಳೆಯುವುದು. ಆದರೆ ಉಗುರುಗಳು ದಾನಕ್ಕೆ ಸಾಕ್ಷಿಯಾಗಿ ನಿಲ್ಲಲಾರವಷ್ಟೆ! ಇಲ್ಲಿ ನಖರವೆಂಬುದು ‘ನಗರ’ದ ರೂಪಾಂತರ, ನಗರದ ವರ್ತಕರ ಸಂಘವೆಂದು ಅರ್ಥ. ಕೋಶವು ಕೊಟ್ಟ ಅರ್ಥವು ಸಂದರ್ಭವು ಬೇಡುವ ಅರ್ಥವನ್ನು ಮುಚ್ಚಿಹಾಕಬಾರದೆಂಬ ಮೊದಲನೆಯ ಪಾಠ ಇಲ್ಲಿಯೇ ದೊರೆಯುತ್ತದೆ.

‘ಹಂಜಮಾನ’ವು ಇದಕ್ಕಿಂತಲೂ ತೊಡಕಿನದು. ಕನ್ನಡವನ್ನು ಮಾತ್ರ ಬಲ್ಲವನು ಇದನ್ನು ‘ಹಂಜಿ’ ಮತ್ತು ‘ಮಾನ’ ಎಂದು ಬಿಡಿಸಿ, ಹತ್ತಿಯನ್ನು ಅಳೆಯುವ ವರ್ತಕರೆಂದು ಅರ್ಥ ಹೇಳಿಬಿಡಬಹುದು. ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ವರ್ತಕರ ಪ್ರಸಂಗಕ್ಕೆ ಒಪ್ಪುತ್ತಲೂ ಇದೆ. ಹೀಗೆ ಒಪ್ಪುವುದೇ ಇಂಥ ನಿರ್ವಚನಗಳ ಅಪಾಯ. ಕೇರಳದಲ್ಲಿ ಇದೇ ಶಬ್ದವು ‘ಅಂಜುವಣ್ಣಂ’ ಎಂಬ ವೇಷದಲ್ಲಿದೆ. ‘ಅಂಜು’ ಎಂದರೆ ಐದು, ‘ವಣ್ಣಂ’ ಎಂದರೆ ವರ್ಣವೆಂದು ಹಿಡಿದು, ಐದು ವರ್ಣದವರ ಸಮೂಹವೆಂದು ಕೆಲವರು ಅರ್ಥ ಮಾಡಿದ್ದುಂಟು. ಬೇರೆ ಸಾಮ್ಯವು ದೊರೆಯದ ಕಡೆಯಲ್ಲಿ ಅಕ್ಷರಸಾಮ್ಯವನ್ನಾದರೂ ಹಿಡಿದು ನಿರ್ವಚನ ಹೇಳಬೇಕೆಂದು ಯಾಸ್ಕಾಚಾರ್ಯರು ನಿರುಕ್ತದಲ್ಲಿ ಅನುಮತಿ ಕೊಟ್ಟಿದ್ದಾರೆ, ನಿಜ. ಆದರೆ ಅದು ಅರ್ಥವನ್ನೇ ಪ್ರಧಾನವಾಗಿಟ್ಟುಕೊಂಡು ಹೊರಟವನಿಗೆ ಕೊಟ್ಟ ಅನುಮತಿ; ಅರ್ಥವನ್ನು ಕಲ್ಪಿಸುವವನಿಗೆ ಕೊಟ್ಟ ಪರವಾನಗಿಯಲ್ಲ.

ಶಬ್ದದ ನಿಜವಾದ ಮನೆ ಪಾರಸೀಕ ದೇಶ. ಇಂದು ನಾವು ಕೇಳುವ ‘ಅಂಜುಮನ್’ ಎಂಬುದು ಅದರ ಹೊಸ ರೂಪ. ಸಭೆ, ಸಂಘವೆಂದು ಅರ್ಥ. ಪಾರಸಿಗಳ ಪ್ರಾಚೀನ ಧರ್ಮಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ ಇದು ‘ಹಂಜಮನ’ ಎಂದೇ ಇದೆ. ಸಂಸ್ಕೃತದ ಸಕಾರಕ್ಕೆ ಆ ಭಾಷೆಯಲ್ಲಿ ಹಕಾರವು ಬರುವುದು ಪ್ರಸಿದ್ಧ. ಸಪ್ತವು ಹಪ್ತವಾಗುವುದು, ಸಿಂಧುವು ಹಿಂದುವಾಗುವುದು. ‘ಗಮ್’ ಧಾತುವಿನ ಗಕಾರವು ಜಕಾರವಾಗುವುದು ‘ಜಗಾಮ’, ‘ಜಂಗಮ’ಗಳನ್ನು ಬಲ್ಲ ನಮಗೆ ಅಪರಿಚಿತವಲ್ಲ. ಹೀಗಾಗಿ ಹಂಜಮನವು ಸಂಸ್ಕೃತದ ‘ಸಂಗಮನ’ಕ್ಕೆ ಒಡಹುಟ್ಟಿದ ಶಬ್ದ. ಋಗ್ವೇದದ ಹತ್ತನೆಯ ಮಂಡಲದ ಯಮಸೂಕ್ತದಲ್ಲಿ ಯಮನನ್ನು ಜನರ ಸಂಗಮನನೆಂದು ಕರೆದಿದೆ. ಅವೆಸ್ತಾದ ವೆಂದಿದಾದ್ ಭಾಗದಲ್ಲಿ ಯಿಮನೆಂಬ ಅರಸನು ಹಂಜಮನವನ್ನು ಕೂಡಿಸುತ್ತಾನೆ. ಯಮನೂ ಯಿಮನೂ ಒಂದೇ ಹಳೆಯ ಕಥೆಯ ಎರಡು ಕವಲುಗಳೆಂದು ಪಂಡಿತರು ಒಪ್ಪಿದ್ದಾರೆ. ಸಂಸ್ಕೃತಾಭಿಮಾನಿಗಳು ಹಂಜಮಾನಕ್ಕೆ ಬಲಾತ್ಕಾರದಿಂದ ಸಂಸ್ಕೃತದ ಅಂಗಿಯನ್ನು ತೊಡಿಸಬೇಕಾದುದಿಲ್ಲ. ಅದು ಬೇರೆ ಮನೆಯಲ್ಲಿ ಬೆಳೆದ ಸೋದರಿಯೇ ಆಗಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ಪಾರಸಿಯಲ್ಲಿ ಮೊದಲಿನ ಹಕಾರವು ಬಿದ್ದುಹೋಗಿದೆ. ಅಕ್ಷರಮಾಲೆಯಲ್ಲಿ ಹಕಾರವಿಲ್ಲದ ತಮಿಳಿನ ಕಡೆಯಲ್ಲಿಯೂ ಅದು ನಿಲ್ಲಲಿಲ್ಲ. ನಮ್ಮ ಶಾಸನದ ಬರಹಗಾರನು ಮಾತ್ರ ಹಕಾರವನ್ನು ಉಳಿಸಿಕೊಂಡಿದ್ದಾನೆ. ಅದನ್ನು ಗ್ರಾಮ್ಯ ಉಚ್ಚಾರವೆಂದು ತಿದ್ದಹೊರಟರೆ ಶಬ್ದದ ಹಳೆಯ ರೂಪವನ್ನೇ ಅಳಿಸಿದಂತಾದೀತು.

ಶಬ್ದದ ಮೂಲವು ತಿಳಿದ ಮೇಲೆ ಚರಿತ್ರೆಯ ಪ್ರಶ್ನೆಯು ತೀರಿತೆಂದು ಭಾವಿಸುವವರು ಬಹುಮಂದಿ. ವಾಸ್ತವವಾಗಿ ಅದು ಅಲ್ಲಿಂದಲೇ ಆರಂಭವಾಗುತ್ತದೆ. ದಾಖಲೆಗಳನ್ನು ಉತ್ತರದಿಂದ ದಕ್ಷಿಣಕ್ಕೆ ಕ್ರಮವಾಗಿ ನೋಡೋಣ. ಉತ್ತರ ಕೊಂಕಣದ ಶಿಲಾಹಾರ ಅರಸರ ೧೧ನೆಯ ಶತಮಾನದ ತಾಮ್ರಶಾಸನಗಳಲ್ಲಿ ಈ ಶಬ್ದವಿದೆ. ಇದು ಸಂಜಾನವೆಂಬ ಊರಿನ ಹೆಸರೆಂದು ಕೆಲವರೂ, ಪಾರಸಿಗಳ ಸಂಘವೆಂದು ಕೆಲವರೂ ವಾದಿಸಿದ್ದಾರೆ. ಅದೇ ಸಂಜಾನವನ್ನು ಮಾನ್ಯಖೇಟದ ರಾಷ್ಟ್ರಕೂಟರ ಪರವಾಗಿ ಮಧುಮತಿಯೆಂಬ ತಾಜಿಕನು, ಎಂದರೆ ಅರಬನು, ಆಳುತ್ತಿದ್ದನೆಂದು ಕ್ರಿ.ಶ. ೯೨೬ರ ಚಿಂಚಣಿ ತಾಮ್ರಶಾಸನದಿಂದ ತಿಳಿದುಬಂದಿದೆ. ಮಧುಮತಿಯೆಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಹೀಗಿರಲು ಆ ಬಂದರಿನಲ್ಲಿ ಪಾರಸಿಗಳು ಮಾತ್ರವೇ ಸಂಘ ಕಟ್ಟಿದ್ದರೆಂದು ನಿರ್ಧರಿಸುವುದು ಹೇಗೆ?

ಕೇರಳದ ದಾಖಲೆಗಳು ಇನ್ನೂ ಹಳೆಯವು. ಕ್ರಿ.ಶ. ೮೪೯ರ ಕೊಲ್ಲಂ ತಾಮ್ರಶಾಸನವು ತರಿಸಾಪ್ಪಳ್ಳಿಯೆಂಬ ಕ್ರೈಸ್ತ ದೇವಾಲಯಕ್ಕೆ ದೊರೆತುದು. ಅದರಲ್ಲಿ ಅಂಜುವಣ್ಣಂ, ಮಣಿಗ್ರಾಮಂ ಎಂಬ ಎರಡು ಸಂಘಗಳು ಬರುತ್ತವೆ. ಸಾಕ್ಷಿಗಳು ಅರಬ್ಬಿಯ ಕೂಫಿ ಲಿಪಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಅಕ್ಷರಗಳಲ್ಲಿ ಬರೆದ ಪಾರಸಿಯಲ್ಲಿ ರುಜು ಹಾಕಿದ್ದಾರೆ. ಕ್ರಿ.ಶ. ೧೦೦೦ದ ಸುಮಾರಿನ ಇನ್ನೊಂದು ಶಾಸನದಲ್ಲಿ ಚೇರ ಅರಸನಾದ ಭಾಸ್ಕರರವಿಯು ಜೋಸೆಫ್ ರಬ್ಬಾನ್ ಎಂಬ ಯಹೂದಿಗೆ ಅಂಜುವಣ್ಣವನ್ನೂ ೭೨ ಗೌರವಗಳನ್ನೂ ಕೊಟ್ಟನು. ಈ ಎರಡನೆಯದನ್ನು ಕೀಲಿಕೈಯಾಗಿಟ್ಟುಕೊಂಡು, ಬಾಸೆಲ್ ಮಿಶನಿನ ಪಂಡಿತರಾದ ಹರ್ಮನ್ ಗುಂಡರ್ಟರು ೧೯ನೆಯ ಶತಮಾನದಲ್ಲಿ ಅಂಜುವಣ್ಣವನ್ನು ಯಹೂದಿಗಳಿಗೂ ಮಣಿಗ್ರಾಮವನ್ನು ಕ್ರೈಸ್ತರಿಗೂ ಹಂಚಿಕೊಟ್ಟರು. ಮಣಿಗ್ರಾಮವು ವರ್ತಕರ ಸಂಘವೆಂದು ಶಾಸನತಜ್ಞರಾದ ವಿ. ವೆಂಕಯ್ಯನವರು ಮುಂದೆ ತೋರಿಸಿದರು. ೨೦೦೯ರಲ್ಲಿ ವೈ. ಸುಬ್ಬರಾಯಲು ಅವರು ಅಂಜುವಣ್ಣದ ಉಲ್ಲೇಖಗಳನ್ನು ಒಟ್ಟಿಗೆ ಪರಿಶೀಲಿಸಿ, ಅದು ಕಡಲ ವ್ಯಾಪಾರದ ಸಂಘವೆಂದು ಪ್ರತಿಪಾದಿಸಿದರು.

ಗುಂಡರ್ಟರ ವಿದ್ವತ್ತು ದೊಡ್ಡದು. ಅವರ ಮಲಯಾಳ ಕೋಶಕ್ಕೆ ಇಂದಿಗೂ ಬೆಲೆಯಿದೆ. ಆದರೂ ಅವರ ತರ್ಕದಲ್ಲಿ ಒಂದು ದೋಷವಿದೆ. ಒಂದು ಶಾಸನದಲ್ಲಿ ಶಬ್ದದ ಪಕ್ಕದಲ್ಲಿ ಯಹೂದಿಯೊಬ್ಬನು ನಿಂತಿದ್ದನೆಂದು, ಶಬ್ದವಿರುವ ಕಡೆಗಳಲ್ಲೆಲ್ಲಾ ಯಹೂದಿಯನ್ನು ನಿಲ್ಲಿಸುವುದು ಸರಿಯಲ್ಲ. ಕೊಂಕಣದಲ್ಲಿ ಪಾರಸಿಯನ್ನು ನಿಲ್ಲಿಸಿದವರದೂ ಇದೇ ದೋಷ. ‘ಸಭೆ’ಯೆಂಬ ಶಬ್ದವು ಅಗ್ರಹಾರದಲ್ಲಿ ಬ್ರಾಹ್ಮಣರನ್ನೂ ಅರಮನೆಯಲ್ಲಿ ಮಂತ್ರಿಗಳನ್ನೂ ಹೇಳುವಂತೆ, ಹಂಜಮಾನವೂ ಆಯಾ ಬಂದರಿನಲ್ಲಿ ಕೂಡಿದವರನ್ನು ಹೇಳುತ್ತದೆ. ಶಬ್ದವು ಸಂಘವಿತ್ತೆಂದು ಸಾಕ್ಷಿ ನುಡಿಯಬಲ್ಲುದು. ಸಂಘದೊಳಗೆ ಯಾರಿದ್ದರೆಂದು ತೀರ್ಪು ಕೊಡಲಾರದು. ಆ ತೀರ್ಪಿಗೆ ಬೇರೆ ಸಾಕ್ಷಿಗಳು ಬೇಕು.

ನಮ್ಮ ಸೀಮೆಗೆ ಅಂಥ ಸಾಕ್ಷಿಯು ಪುಣ್ಯವಶಾತ್ ದೊರೆತಿದೆ. ಮೊರಾಕ್ಕೋ ದೇಶದ ಯಾತ್ರಿಕನಾದ ಇಬ್ನ್ ಬತೂತನು ಕ್ರಿ.ಶ. ೧೩೪೨ರ ಸುಮಾರಿನಲ್ಲಿ ಈ ತೀರದಲ್ಲಿ ಸಂಚರಿಸಿದನು. ಅವನು ಹೇಳುವ ‘ಅಬೂ ಸರೂರ್’ ಬಸರೂರು, ‘ಫಾಕನೂರ್’ ಬಾರಕೂರು. ಅಬೂ ಸರೂರಿನಲ್ಲಿ ತೆಂಗಿನ ಮರಗಳು ಬಹಳವೆಂದೂ ಅಲ್ಲಿಯ ಮುಸಲ್ಮಾನರಿಗೆ ಒಬ್ಬ ಹಿರಿಯನಿದ್ದನೆಂದೂ ಬರೆದಿದ್ದಾನೆ. ಫಾಕನೂರಿನ ಮುಸಲ್ಮಾನರ ಮುಖಂಡನ ಹೆಸರು ಹುಸೇನನೆಂದೂ, ಅಲ್ಲಿ ಕಾಜಿಯೂ ಖತೀಬನೂ ಶುಕ್ರವಾರದ ನಮಾಜಿನ ಮಸೀದಿಯೂ ಇದ್ದುವೆಂದೂ, ಹಿಂದೂ ಅರಸನ ಸುಮಾರು ೩೦ ಯುದ್ಧನೌಕೆಗಳಿಗೆ ಮುಸಲ್ಮಾನನೊಬ್ಬನು ನಾಯಕನಾಗಿದ್ದನೆಂದೂ, ಹಾಯ್ದುಹೋಗುವ ಹಡಗುಗಳು ಅಲ್ಲಿ ಲಂಗರು ಹಾಕಿ ಬಂದರಿನ ಹಕ್ಕನ್ನು ತೆರಬೇಕಾಗಿತ್ತೆಂದೂ ಅವನು ತಿಳಿಸುತ್ತಾನೆ. ಹಂಜಮಾನವೆಂಬ ಶಬ್ದವನ್ನು ಅವನು ಬಳಸುವುದಿಲ್ಲ. ಆದರೆ ಹಿರಿಯನೂ ನ್ಯಾಯಾಧಿಕಾರಿಯೂ ಪ್ರಾರ್ಥನಾಸ್ಥಾನವೂ ಉಳ್ಳ ವರ್ತಕ ಸಮಾಜವೊಂದನ್ನು ಕಣ್ಣಾರೆ ಕಂಡಿದ್ದಾನೆ. ಶಾಸನದಲ್ಲಿ ಶಬ್ದವಿದೆ, ವಿವರವಿಲ್ಲ. ಯಾತ್ರಿಕನಲ್ಲಿ ವಿವರವಿದೆ, ಶಬ್ದವಿಲ್ಲ. ಎರಡನ್ನೂ ಎದುರುಬದುರಾಗಿ ಇಟ್ಟಾಗಲೇ, ನಮ್ಮ ಕರಾವಳಿಯ ಹಂಜಮಾನವು ಮುಖ್ಯವಾಗಿ ಮುಸಲ್ಮಾನ ವರ್ತಕರ ಸಂಘವಾಗಿತ್ತೆಂಬ ಅಭಿಪ್ರಾಯಕ್ಕೆ ಬಲವು ಬರುತ್ತದೆ. ಕೇವಲ ಶಬ್ದಸಾಮ್ಯವನ್ನು ನೆಚ್ಚಿದ್ದರೆ ಬಾರಕೂರಿನಲ್ಲಿ ಯಹೂದಿಗಳನ್ನೋ ಪಾರಸಿಗಳನ್ನೋ ಹುಡುಕಬೇಕಾಗುತ್ತಿತ್ತು.

ಇಂಥ ಎದುರುಬದುರಾದ ಓದು ನಮ್ಮಲ್ಲಿ ಹೆಚ್ಚಾಗಿ ನಡೆಯದಿರುವುದಕ್ಕೆ ದಾಖಲೆಗಳ ಚೆದರಿಕೆಯೂ ಒಂದು ಕಾರಣ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಮೈಸೂರು, ಕೊಡಗುಗಳ ಶಾಸನಗಳಿಗೆ ಮೀಸಲಾದುವು. ದಕ್ಷಿಣ ಕನ್ನಡವು ೧೯೫೬ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಬಾರಕೂರು, ಬಸರೂರುಗಳ ಶಾಸನಗಳು ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ ತಮಿಳು ಮಲಯಾಳಗಳ ನಡುವೆ ಅಚ್ಚಾದುವು. ಉತ್ತರ ಕನ್ನಡವು ೧೮೬೨ರಲ್ಲಿ ಮುಂಬಯಿಗೆ ಸೇರಿತು. ಅಲ್ಲಿಯ ಶಾಸನಗಳ ದಾರಿಯೇ ಬೇರೆಯಾಯಿತು. ಬೈಂದೂರಿನಾಚೆ ಶಿರೂರನ್ನು ದಾಟಿದರೆ ಭಟ್ಕಳ. ನಡುವೆ ಒಂದು ಗಡಿ. ಹಡಗುಗಳು ಆ ಗಡಿಯನ್ನು ಅರಿಯವು, ಗ್ರಂಥಾಲಯಗಳು ಅರಿತಿವೆ. ಒಂದೇ ತೀರದ ಒಂದೇ ಶಬ್ದವು ಎರಡು ಸರಕಾರಗಳ ಕಪಾಟುಗಳಲ್ಲಿ ಬೇರೆ ಬೇರೆಯಾಗಿ ಮಲಗಿತು. ಸಾಲೆತ್ತೂರರು ೧೯೩೬ರಲ್ಲಿಯೂ, ಕೆ. ವಿ. ರಮೇಶರು ೧೯೭೦ರಲ್ಲಿಯೂ, ಕಲ್ಯಾಣಪುರದ ಕಾಲೇಜಿನಲ್ಲಿದ್ದ ಪಿ. ಗುರುರಾಜ ಭಟ್ಟರು ೧೯೭೫ರಲ್ಲಿಯೂ ಪ್ರಕಟಿಸಿದ ತುಳುನಾಡಿನ ಚರಿತ್ರೆಗಳಿಲ್ಲದಿದ್ದರೆ ಈ ವಿಷಯದಲ್ಲಿ ನಾವು ಮಾತೆತ್ತುವಂತೆಯೇ ಇರಲಿಲ್ಲ. ಆದರೆ ಮೂರೂ ಇಂಗ್ಲಿಷಿನ ಗ್ರಂಥಗಳು, ಮನೆಮನೆಗೆ ತಲುಪತಕ್ಕವಲ್ಲ.

ಮನೆಮನೆಗೆ ತಲುಪುವವು ದೇವಸ್ಥಾನಗಳ ಬ್ರಹ್ಮಕಲಶಾದಿ ಸಂದರ್ಭಗಳಲ್ಲಿ ಅಚ್ಚಾಗುವ ಊರಿನ ಚರಿತ್ರೆಗಳು. ಅವುಗಳಲ್ಲಿ ಶಾಸನದ ಸಾರಾಂಶವನ್ನು ಕೊಡುವಾಗ ದಾನಿಯ ಹೆಸರು, ದೇವರ ಹೆಸರು, ಅರಸನ ಹೆಸರುಗಳು ಉಳಿದು, ಅರ್ಥವಾಗದ ಸಂಘಗಳ ಹೆಸರುಗಳು ‘ಮೊದಲಾದವರು’ ಎಂಬ ಮಾತಿನಲ್ಲಿ ಮುಳುಗಿಹೋಗುವ ಭಯವಿದೆ. ಅದು ಸಣ್ಣ ನಷ್ಟವಲ್ಲ. ನಮ್ಮ ಪೂರ್ವಿಕರು ಕಲ್ಲಿನಲ್ಲಿ ಕೆತ್ತಿಸಿ ನಖರದ ಜೊತೆಗೆ ಹಂಜಮಾನವನ್ನು ಹೆಸರಿಸಿದರು. ಊರಿನ ವ್ಯವಹಾರದಲ್ಲಿ ಆ ಸಂಘಕ್ಕೂ ಸ್ಥಾನವಿತ್ತೆಂದು ಸಾರುವ ಸಾಕ್ಷಿ ಅದು. ಅವರು ಕೆತ್ತಿಸಿದ ಹೆಸರನ್ನು ನಾವು ಕೈಬಿಟ್ಟರೆ, ಇಲ್ಲವೇ ಪಂಚವರ್ಣವೆಂದು ತಿದ್ದಿದರೆ, ನೆರೆಯವರಿಗೆ ಮಾತ್ರವಲ್ಲ, ಪೂರ್ವಿಕರ ಮಾತಿಗೇ ಅನ್ಯಾಯವಾಗುತ್ತದೆ.

ಇದಕ್ಕೆ ವಿರುದ್ಧವಾದ ಅತಿರೇಕವೂ ಸಲ್ಲದು. ಭಟ್ಕಳದಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ಅಂಜುಮನ್ ವಿದ್ಯಾಸಂಸ್ಥೆಯು ಪ್ರಸಿದ್ಧವಾಗಿದೆ. ಹೆಸರು ಒಂದೇ ಆದುದರಿಂದ ಶಾಸನದ ಹಂಜಮಾನವೇ ಅದಾಗಿ ಮುಂದುವರಿಯಿತೆಂದು ಹೇಳಲಾಗದು. ಹಳೆಯ ಶಬ್ದವು ಹಕಾರದೊಡನೆ ಹಡಗಿನಲ್ಲಿ ಬಂದುದು; ಹೊಸದು ಉರ್ದುವಿನ ಮೂಲಕ, ಹಕಾರವಿಲ್ಲದೆ ಬಂದುದು. ಶಬ್ದವೊಂದೇ, ಪ್ರಯಾಣಗಳು ಎರಡು. ಶಾಸನದ ಒಂದು ಮಾತು ಇಂದಿನ ಯಾವ ಮನೆತನಕ್ಕೂ ಹಕ್ಕುಪತ್ರವಾಗಲಾರದು. ಯಾರನ್ನೂ ಹೊರಗಿನವರೆಂದು ದೂರವಿಡುವುದಕ್ಕೆ ಸಾಧನವೂ ಆಗಲಾರದು.

ಆದುದರಿಂದ ಶಬ್ದವೊಂದು ಹಲವು ದಾಖಲೆಗಳಲ್ಲಿ ಕಂಡಾಗ ವಿಮರ್ಶಕನು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಶಬ್ದದ ಪಕ್ಕದಲ್ಲಿ ಯಾರು ನಿಂತಿದ್ದಾರೆ? ಅದು ಅಲ್ಲಿ ಯಾವ ಕೆಲಸವನ್ನು ಮಾಡುತ್ತಿದೆ? ಬೇರೆ ಬಗೆಯ ಸಾಕ್ಷಿಯು ಅದನ್ನು ಅನುಮೋದಿಸುತ್ತದೆಯೇ? ಈ ಮೂರಕ್ಕೂ ಉತ್ತರ ದೊರೆತ ಕಡೆಯಲ್ಲಿ ದಾರವನ್ನು ಪೋಣಿಸಲಿ. ದೊರೆಯದ ಕಡೆಯಲ್ಲಿ ಮಣಿಯನ್ನು ಬಿಡಿಯಾಗಿಯೇ ಜೋಪಾನವಾಗಿಡಲಿ. ೧೯೯೭ರಿಂದ ನಮ್ಮ ಸೀಮೆಯು ಉಡುಪಿ ಜಿಲ್ಲೆಯೊಳಗೆ ಒಂದಾಗಿದೆ. ಶಿರೂರಿನ ಈಚೆಯ ಮತ್ತು ಆಚೆಯ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು, ನಖರ, ಹಂಜಮಾನಗಳು ಬರುವ ಸ್ಥಳಗಳನ್ನೆಲ್ಲಾ ಆರಿಸಿ, ಮೂಲ ಪಾಠವನ್ನೂ ಸರಳವಾದ ಕನ್ನಡದ ಅರ್ಥವನ್ನೂ ಕೂಡಿಸಿ ಒಂದು ಪುಸ್ತಕವನ್ನು ಹೊರತರುವುದು ನಮ್ಮಂಥ ಸಂಘಗಳಿಂದ ಆಗತಕ್ಕ ಕಾರ್ಯ. ಸಂಘವೆಂಬುದೇ ಹಂಜಮಾನದ ಅರ್ಥವಾಗಿರುವಾಗ ಆ ಕಾರ್ಯವನ್ನು ಸಂಘವೊಂದು ಕೈಕೊಳ್ಳುವುದು ಉಚಿತವೇ ಸರಿ.