ಬಾಗಿ ಕಾಯುವ ಹಳದಿ ಕಂಬಿ

ಹಾವೇರಿ ಜಿಲ್ಲೆಯಲ್ಲಿ ಗೋದಾಮಿಗೆ ಬರವಿಲ್ಲ: ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜು, ರಾಣೆಬೆನ್ನೂರಿನಲ್ಲಿ ಬೀಜದ ದಾಸ್ತಾನು. ಇಂಥ ಕಡೆ ಫೋರ್ಕ್‌ಲಿಫ್ಟ್ ಬಂತೆಂದರೆ ಹಮಾಲರು ನಡೆವ ದಾರಿಗೊಂದು ಕಾವಲು ಬೇಕು. ಆ ಕೆಲಸಕ್ಕೆ ನನ್ನ ಮೆಚ್ಚುಗೆ ಪಾಲಿಮರ್ ತಡೆಗಂಬಿಗೆ. ಕಬ್ಬಿಣದ್ದು ಗುದ್ದಿಗೆ ಸೊಟ್ಟಗಾದರೆ ಸೊಟ್ಟಗೇ. ಏಟೆಲ್ಲ ಬೋಲ್ಟಿಗಿಳಿದು ನೆಲದ ಕಾಂಕ್ರೀಟೂ ಬಿರುಕು ಬಿಡಬಹುದು. ಪಾಲಿಮರಿನದಾದರೋ ಬಿದಿರಿನಂತೆ ಬಾಗಿ, ಏಟು ನುಂಗಿ, ಮತ್ತೆ ನೆಟ್ಟಗಾಗುತ್ತದೆ. ತುಕ್ಕಿನ ಕಾಟವಿಲ್ಲ, ಬಣ್ಣದ ಖರ್ಚಿಲ್ಲ.

ಆರಿಸುವಾಗ ಗಾಡಿಯ ತೂಕಕ್ಕೆ ಹೊರೆಯ ತೂಕವನ್ನೂ ಸೇರಿಸಿ. ವೇಗ 2 ಪಟ್ಟಾದರೆ ಏಟಿನ ಶಕ್ತಿ 4 ಪಟ್ಟು. ಬಾಗಲು ಹಿಂದೆ ಜಾಗ ಬಿಡಿ. ಥಂಡಿ ಕೋಣೆಗೆ ಚಳಿಯಲ್ಲೂ ಪೆಡಸಾಗದ ಮಾಲನ್ನೇ ಕೇಳಿ. ಎಷ್ಟು ಜೂಲ್ ತಡೆಯುತ್ತದೆಂಬ ಪರೀಕ್ಷೆಯ ಕಾಗದ ತೋರಿಸದವರ ಹತ್ತಿರ ರೇಟನ್ನೂ ವಿಚಾರಿಸಬೇಡಿ.